ಮಾವನ ಮೀನಿಗೊಂದು ಮೋಟಾರು

ನಮ್ಮ ಮಾವ ಭದ್ರಾವತಿ ಬಿಟ್ಟು ಶಿವಮೊಗ್ಗದಲ್ಲಿ ನಮ್ಮ ಜೊತೆ ಇರಲು ಒಪ್ಪಿದ್ದು ಒಂದೇ ಒಂದು ಷರತ್ತಿನ ಮೇಲೆ. ಮಗಳ ಕೈಯಡುಗೆ, ಅಳಿಯನ ಸಜ್ಜನಿಕೆ, ದುರ್ಗಿಗುಡಿಯ ನಮ್ಮ ಮನೆಯಿಂದ ಕೂಗಳತೆಯಲ್ಲಿರುವ ಡಾಕ್ಟರು, ಇವು ಯಾವುವೂ ಅವರ ಲೆಕ್ಕಕ್ಕೆ ಬರಲಿಲ್ಲ. "ಮೀನು ಅಲ್ಲಿ ಬಾಳಿದ್ರೆ ನಾನೂ ಅಲ್ಲಿರ್ತೀನಿ. ಅದಕ್ಕೆ ಒಗ್ಗದಿದ್ರೆ ಅದನ್ನ ಕರ್ಕೊಂಡು ವಾಪಸ್ ಬರ್ತೀನಿ" ಎಂದುಬಿಟ್ಟರು. ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡ ಮೇಲೆ, ಇನ್ನು ಒಬ್ಬರನ್ನೇ ಬಿಡುವುದಿಲ್ಲ ಎಂದು ಹಟ ಹಿಡಿದವಳು ನನ್ನ ಹೆಂಡತಿ. ಷರತ್ತಿಗೆ ಒಪ್ಪಿದವಳೂ ಅವಳೇ. ಮೀನನ್ನು ಬದುಕಿಸುವುದು ಮಾತ್ರ ನನ್ನ ಕೆಲಸ ಎಂದು ತೀರ್ಮಾನವಾಯಿತು. ತೀರ್ಮಾನವಾದಾಗ ನಾನು ಅಲ್ಲಿರಲಿಲ್ಲ.

ಆದರೂ ಸರಿಯಾದ ಆಸಾಮಿಯನ್ನೇ ಆರಿಸಿದರು ಎನ್ನಬೇಕು. ಬಸ್ಸು ಹೊರಡುವುದಕ್ಕೆ ಎಷ್ಟೋ ಹೊತ್ತು ಮುಂಚೆ ಸ್ಟ್ಯಾಂಡಿಗೆ ಹೋಗಿ ಕೂತು, ಈ ಬಸ್ಸು ಕೆಟ್ಟು ನಿಂತರೆ ಹಿಂದೆ ಬರುವ ಬಸ್ಸು ಯಾವುದು ಎಂದು ಕಂಡಕ್ಟರನನ್ನೇ ಕೇಳುವವನು ನಾನು. ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ಗೇಟಿನಿಂದ ವಾಪಸು ಬಂದು ನೋಡಿ, ಗೇಟಿಗೆ ಹೋದ ಮೇಲೆ ಸರಿಯಾಗಿ ನೋಡಿದೆನೇ ಎಂದು ಇನ್ನೊಮ್ಮೆ ಬರುವವನು. ಐವತ್ತು ದಾಟಿದವನಿಗೆ ಚಿಂತೆಗೆ ಸ್ವಂತ ವಿಷಯಗಳೇ ಧಾರಾಳವಾಗಿದ್ದವು. ಸಕ್ಕರೆ ಕಾಯಿಲೆ ಇತ್ತು, ಮಂಡಿ ಇತ್ತು, ಕಚೇರಿಯ ಆಡಿಟ್ ಇತ್ತು. ಅವುಗಳ ಸಾಲಿನಲ್ಲಿ ಒಂದು ಮೀನೂ ಬಂದು ಕೂತಿತು.

ಮೀನು ಆಸ್ಕರ್ ಎಂಬ ಜಾತಿಯದು. ಬಿಚ್ಚಿದ ಅಂಗೈಗಿಂತ ದೊಡ್ಡದು. ಕಪ್ಪು ಮೈಮೇಲೆ ಕೆಂಡ ಚೆಲ್ಲಿದಂಥ ಮಚ್ಚೆ, ಮುಖದಲ್ಲಿ ನಿವೃತ್ತ ಹೆಡ್‌ಮಾಸ್ತರ ಕಳೆ. ಮಾವ ಹತ್ತಿರ ಬಂದರೆ ಗಾಜಿಗೆ ಮೂತಿ ಒತ್ತಿ ಮೈ ಕುಣಿಸುತ್ತದೆ. ನಾನು ಬಂದರೆ ಬೆನ್ನು ತಿರುಗಿಸುತ್ತದೆ. ಮಾವ ಜೀವಮಾನವೆಲ್ಲ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡಿದವರು. ಪಾಳಿ ಪಾಳಿಗೆ ಬಂದು ಕೂತ ಜನಕ್ಕೆಲ್ಲ ಬಡಿಸಿದ ಕೈ ಅದು. ನಿವೃತ್ತಿಯಾದ ಮೇಲೆ ಗೆಳೆಯರೊಬ್ಬರು ಬೆರಳುದ್ದದ ಮರಿಯಾಗಿದ್ದಾಗ ಇದನ್ನು ಕೊಟ್ಟರಂತೆ. "ಇಷ್ಟು ವರ್ಷಕ್ಕೆ ಸಾಂಬಾರಿಗೆ ಉಪ್ಪಿಲ್ಲ ಅನ್ನದ ಗಿರಾಕಿ ಇದೊಂದೇ" ಎಂದು ಮಾವ ಹೇಳುತ್ತಿದ್ದರು.

ಭದ್ರಾವತಿಯಲ್ಲಿದ್ದ ಹಳೆಯ ಗಾಜಿನ ತೊಟ್ಟಿ ಮೂಲೆಯಲ್ಲಿ ಜಿನುಗಲು ಶುರುವಾಗಿತ್ತು. ಆದ್ದರಿಂದ ಹೊಸ ತೊಟ್ಟಿಯನ್ನು ಇಲ್ಲೇ ಕೊಂಡು ಸಿದ್ಧಮಾಡಬೇಕು, ಆಮೇಲೆ ಮೀನು ಬರುತ್ತದೆ, ಮೀನಿನ ಜೊತೆ ಮಾವ ಬರುತ್ತಾರೆ ಎಂದು ಮಾತಾಯಿತು. ಬಸ್ ಸ್ಟ್ಯಾಂಡಿನ ಹತ್ತಿರದ ಗಲ್ಲಿಯಲ್ಲಿ ಅಕ್ವೇರಿಯಂ ಅಂಗಡಿಯೊಂದಿದೆ. ಅದರ ಸಾಹೇಬರು ಮೀನು ಎಷ್ಟು ದೊಡ್ಡದು ಎಂದು ಕೇಳಿದರು. ನಾನು ಜಾತಿಯ ಹೆಸರು ಹೇಳಿ, ಎರಡು ಕೈಯಲ್ಲಿ ಅಳತೆ ತೋರಿಸಿದೆ.

"ಆಸ್ಕರಾ? ತಿನ್ನೋದೂ ಜಾಸ್ತಿ, ಗಲೀಜು ಮಾಡೋದೂ ಜಾಸ್ತಿ ಸಾರ್. ಸಣ್ಣ ಫಿಲ್ಟರ್‌ಗೆಲ್ಲ ಬಗ್ಗಲ್ಲ ಅದು. ಮೇಲೊಂದು ಟ್ಯಾಂಕು, ಕೆಳಗೊಂದು ಸಂಪು, ಹಂಗೇ ಸೆಟ್ ತಗೊಂಡ್ಬಿಡಿ. ಬೇಫಿಕರ್ ಆಗಿ ಇರ್ಬಹುದು."

ಬೇಫಿಕರ್, ಎಂದರೆ ನಿಶ್ಚಿಂತ, ಎಂಬ ಶಬ್ದವನ್ನು ನನ್ನ ವಿಷಯದಲ್ಲಿ ಯಾರಾದರೂ ಬಳಸಿದ್ದು ಅದೇ ಮೊದಲು. ಕೂಡಲೇ ಒಪ್ಪಿಬಿಟ್ಟೆ.

ವ್ಯವಸ್ಥೆ ಸರಳವಾಗಿತ್ತು. ಮೀನಿರುವ ತೊಟ್ಟಿ ಮೇಲೆ. ಅದರ ಕೆಳಗಿನ ಕಪಾಟಿನೊಳಗೆ ಇನ್ನೊಂದು ಸಣ್ಣ ತೊಟ್ಟಿ, ಅದೇ ಸಂಪು. ಮೇಲಿನ ನೀರು ಅಂಚಿನ ಹತ್ತಿರದ ಪೈಪಿನಲ್ಲಿ ತಾನಾಗಿ ಕೆಳಗಿಳಿದು, ಸ್ಪಂಜು ಮತ್ತು ಕಲ್ಲುಗಳ ನಡುವೆ ಸೋಸಿಕೊಂಡು ಬರುತ್ತದೆ. ಸೋಸಿದ್ದನ್ನು ಮತ್ತೆ ಮೇಲಕ್ಕೆ ತಳ್ಳುವುದಕ್ಕೆ ಸಂಪಿನಲ್ಲಿ ಮುಳುಗಿಸಿಟ್ಟ ಒಂದು ಮೋಟಾರು. ಇದಕ್ಕೆ ರಿಟರ್ನ್ ಪಂಪ್ ಎಂದು ಹೆಸರು. ಸಂಪು, ಮೋಟಾರು, ಮೇಲೊಂದು ಟ್ಯಾಂಕು: ಇದನ್ನು ನಮ್ಮ ಕಡೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಗಾಜನೂರಿನ ಅಣೆಕಟ್ಟಿನಿಂದ ಬಂದ ತುಂಗೆಯನ್ನು ಸಂಪಿಗೆ ಇಳಿಸಿಕೊಂಡು ಮಹಡಿಗೆ ಏರಿಸುತ್ತಲೇ ಬೆಳೆದವರು ನಾವು. ಆದ್ದರಿಂದ ಎಂದೂ ಬರದ ಧೈರ್ಯ ನನಗೆ ಬಂತು. ಮುಂದೆ ಆದದ್ದಕ್ಕೆಲ್ಲ ಆ ಧೈರ್ಯವೇ ಕಾರಣ.

ಮೊದಲನೆಯ ಪಂಪನ್ನು ನಾನು ಪೆಟ್ಟಿಗೆ ಓದಿ ಆರಿಸಿದೆ. ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿದ್ದವು, ಗಂಟೆಗೆ ಇಷ್ಟು ಲೀಟರು, ಮೇಲಕ್ಕೆ ಇಷ್ಟು ಅಡಿ. ಹೆಂಡತಿಯ ಹೊಲಿಗೆ ಟೇಪಿನಿಂದ ಸಂಪಿನ ತಳದಿಂದ ಮೇಲಿನ ಪೈಪಿನ ಬಾಯಿಯವರೆಗೆ ಅಳೆದೆ. ಪೆಟ್ಟಿಗೆಯ ಅಡಿಗಿಂತ ನಮ್ಮದು ನಾಲ್ಕು ಬೆರಳು ಕಡಿಮೆಯೇ ಇತ್ತು. ಲೀಟರೂ ಸಾಕಷ್ಟಿತ್ತು. ಇನ್ನೇನು ಬೇಕು? ತಂದು ಜೋಡಿಸಿ ಸ್ವಿಚ್ ಹಾಕಿದೆ. ಮೇಲಿನ ಪೈಪಿನ ತುದಿಯಲ್ಲಿ ಒಂದು ಹನಿ ಕಾಣಿಸಿಕೊಂಡು, ಬೀಳಲೋ ಬೇಡವೋ ಎಂದು ಯೋಚಿಸಿ, ಬಿತ್ತು. ಅದರ ಹಿಂದೆ ಇನ್ನೊಂದು.

"ಇದೇನ್ರೀ, ನೆಗಡಿಯಾದ ಮೂಗಿನ ಥರ?" ಎಂದಳು ಹೆಂಡತಿ.

ಪೆಟ್ಟಿಗೆಯ ಮೇಲಿನ ಲೀಟರು ನಿಜವಾಗುವುದು ಎತ್ತರ ಸೊನ್ನೆಯಾಗಿದ್ದಾಗ. ಎತ್ತರ ನಿಜವಾಗುವುದು ಲೀಟರು ಸೊನ್ನೆಯಾದಾಗ. ಎರಡೂ ಸತ್ಯವೇ, ಒಟ್ಟಿಗೆ ಅಲ್ಲ, ಅಷ್ಟೆ. ಗಂಡು ನೋಡಲು ಹೋದಾಗ ಹುಡುಗನಿಗೆ ಒಳ್ಳೆಯ ಕೆಲಸವೂ ಇದೆ, ಮನೆಯಲ್ಲಿ ಇರುವುದಕ್ಕೆ ಸಮಯವೂ ಇದೆ ಎಂದು ಹೇಳುತ್ತಾರಲ್ಲ, ಹಾಗೆ.

ಪಕ್ಕದ ಮನೆಯವರಿಗೆ ಹೊಳಲೂರಿನ ಕಡೆ ತೋಟವಿದೆ. ಮೋಟಾರಿನ ವಿಷಯ ಅಂದರೆ ಕರೆಯದೆ ಬರುತ್ತಾರೆ. ಕಾಂಪೌಂಡಿನ ಮೇಲಿಂದಲೇ ಕೇಳಿದರು.

"ಎಷ್ಟು ಎಚ್‌ಪೀದು?"

"ಎಚ್‌ಪಿ ಅಲ್ಲ, ಇದು ವ್ಯಾಟ್ ಲೆಕ್ಕದ್ದು."

"ಎಚ್‌ಪಿ ಇಲ್ಲದ್ದು ಮೋಟಾರೇನ್ರೀ ಮಾರಾಯ್ರೇ? ಮಕ್ಕಳಾಟ ಅದು. ಲೆಕ್ಕ ಹಾಕಿ ಎಷ್ಟು ಬರುತ್ತೋ ಅದರ ಎರಡರಷ್ಟು ತಗೊಳ್ಳಿ. ನೀರು ಜಾಸ್ತಿ ಬಂದ್ರೆ ಯಾವ ಗಿಡ ಸತ್ತಿದೆ ಹೇಳಿ?"

ಗಿಡವಲ್ಲ, ಮೀನು ಎಂದು ನಾನು ಹೇಳಲಿಲ್ಲ. ಹಿರಿಯರು. ಅಂಗಡಿಗೆ ಹೋಗಿ ಇದ್ದುದರಲ್ಲೇ ದೊಡ್ಡದನ್ನು ಕೇಳಿದೆ.

"ಸಾರ್, ಇದು ಕಲ್ಯಾಣ ಮಂಟಪದ ಕಾರಂಜಿಗೆ ಹಾಕೋದು" ಎಂದರು ಸಾಹೇಬರು.

"ಇರ್ಲಿ ಬಿಡಿ, ಕೆಪಾಸಿಟಿ ಇರ್ಲಿ."

"ನಿಮ್ಮ ಖುಷಿ ಸಾರ್" ಎಂದು ಪ್ಯಾಕ್ ಮಾಡಿದರು. ಖುಷಿ ನನ್ನದಾಗಿರಲಿಲ್ಲ ಎಂದು ಮನೆಯಲ್ಲಿ ಗೊತ್ತಾಯಿತು. ಕಾರಂಜಿಯ ಮೋಟಾರು ಮೇಲಕ್ಕೆ ಎಸೆದ ವೇಗದಲ್ಲಿ ಅಂಚಿನ ಪೈಪು ಕೆಳಕ್ಕೆ ಇಳಿಸಲಾರದೆ ಹೋಯಿತು. ಮೇಲಿನ ತೊಟ್ಟಿ ತುಂಬಿ ನೀರು ಮನೆಯ ಹಾಲಿನ ನೆಲಕ್ಕೆ ಇಳಿಯಿತು. ಕೆಳಗಿನ ಸಂಪು ಬರಿದಾಗಿ ಮೋಟಾರು ಗಾಳಿ ಹೀರುತ್ತ ಗೊರಗುಟ್ಟಿತು. ಹೆಂಡತಿ ಮನೆಯಲ್ಲಿದ್ದ ಟವಲುಗಳನ್ನೆಲ್ಲ ಹಾಸಿದಳು, ಅತಿಥಿಗಳಿಗೆಂದು ಎತ್ತಿಟ್ಟವನ್ನು ಕೂಡ. ಮೇಲಕ್ಕೆ ಎಷ್ಟು ಕಳಿಸಬೇಕು ಎನ್ನುವುದನ್ನು ಕೆಳಕ್ಕೆ ಎಷ್ಟು ಇಳಿಯುತ್ತದೆ ಎಂದು ನೋಡಿಕೊಂಡೇ ತೀರ್ಮಾನಿಸಬೇಕು. ಸರ್ಕಾರಿ ಕಚೇರಿಯಲ್ಲಿ ಇಷ್ಟು ವರ್ಷ ಕಳೆದವನಿಗೆ ಇದು ಹೊಳೆಯಬೇಕಿತ್ತು. ಅಲ್ಲಿ ನಾವು ಕಾಗದವನ್ನು ಮೇಲಕ್ಕೆ ಕಳಿಸುವುದನ್ನಷ್ಟೇ ಕಲಿತದ್ದು. ಕೆಳಗಿಳಿದು ಬಂದದ್ದನ್ನು ಯಾರೂ ಕಂಡಿಲ್ಲ.

ಮೂರನೆಯ ಸಲ ಪೆಟ್ಟಿಗೆಯನ್ನು ತಿರುಗಿಸಿ, ನಾನು ಅಲ್ಲಿಯವರೆಗೆ ನೋಡದೆ ಬಿಟ್ಟಿದ್ದ ಬದಿಯನ್ನು ನೋಡಿದೆ. ಎತ್ತರ ಏರಿದ ಹಾಗೆ ನೀರು ಎಷ್ಟು ಕಡಿಮೆಯಾಗುತ್ತದೆ ಎಂದು ಒಂದು ಗೆರೆ ಎಳೆದು ತೋರಿಸಿದ್ದರು. ನಮ್ಮ ಎತ್ತರಕ್ಕೆ ಎಷ್ಟು ಬರುತ್ತದೋ ಅದನ್ನು ಹಿಡಿದು, ತೊಟ್ಟಿಯ ನೀರೆಲ್ಲ ಗಂಟೆಗೆ ನಾಲ್ಕೈದು ಸಲ ಸುತ್ತಿ ಬರುವಂಥ, ಪೈಪು ತಡೆಯುವಂಥ ನಡುಗಾತ್ರದ ಪಂಪು ತಂದೆ. ಅದು ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಮಾಡಿತೆಂದರೆ ನನಗೆ ಅನುಮಾನ ಬಂತು.

ಬಾಡಿಗೆ ಕಾರಿನಲ್ಲಿ ಮಾವ ಬಂದರು. ತೊಡೆಯ ಮೇಲೆ ಗಾಳಿ ತುಂಬಿಸಿದ ದೊಡ್ಡ ಪ್ಲಾಸ್ಟಿಕ್ ಚೀಲದಲ್ಲಿ ಮೀನು. ಡಿಕ್ಕಿಯಲ್ಲಿ ಅವರ ಬಟ್ಟೆಬರೆಗೆ ಜಾಗ ಕೊಡದಷ್ಟು ನೀರಿನ ಕ್ಯಾನುಗಳು.

"ಇದೇನು ಮಾವ?"

"ಭದ್ರಾ ನೀರು. ಹುಟ್ಟಿದಾಗಿಂದ ಅದನ್ನೇ ಕುಡಿದಿರೋದು. ಏಕಾಏಕಿ ತುಂಗಾ ಹಾಕಿದ್ರೆ ಹೊಟ್ಟೆ ಕೆಡಲ್ವಾ?" ಎಂದರು. ಹೊಟ್ಟೆ ಯಾರದು ಎಂದು ನಾನು ಕೇಳಲಿಲ್ಲ. ಕಾಫಿಗೂ ಅದೇ ಕ್ಯಾನಿನಿಂದ ಸ್ವಲ್ಪ ತೆಗೆದುಕೊಳ್ಳುವಂತೆ ಮಗಳಿಗೆ ಹೇಳುತ್ತಿದ್ದರು.

ಹೊಸ ತೊಟ್ಟಿಗೆ ಬಿಟ್ಟ ಕೂಡಲೇ ಮೀನು ತಳಕ್ಕೆ ಹೋಗಿ ಪಕ್ಕಕ್ಕೆ ಮಲಗಿತು. ಬಂದ ದಿನವೇ ಸತ್ತರೆ ಮಾವ ಅದೇ ಕಾರಿನಲ್ಲಿ ವಾಪಸು ಹೋಗುತ್ತಾರೆ, ಹೆಂಡತಿ ನನ್ನ ಜೊತೆ ಮಾತು ಬಿಡುತ್ತಾಳೆ ಎಂದು ನಾನು ಲೆಕ್ಕ ಹಾಕತೊಡಗಿದೆ.

"ಏನೂ ಆಗಿಲ್ಲ ಅಳಿಯಂದ್ರೇ. ಸಿಟ್ಟು ಬಂದಿದೆ. ಇದ್ದ ಜಾಗ ಬಿಡಿಸಿದ್ರೆ ನಿಮಗೆ ಬರಲ್ವಾ?" ಎಂದು ಮಾವ ಕಿಟಕಿಯ ಕಡೆ ತಿರುಗಿ ಕೂತರು. ಸಂಜೆಯ ತಿಂಡಿಯನ್ನು ಇಬ್ಬರೂ ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ತೊಟ್ಟಿ ಸ್ತಬ್ಧವಾಗಿತ್ತು. ಪಂಪು ನಿಂತಿದೆ. ಸ್ವಿಚ್ ನೋಡಿದರೆ ಆಫ್.

"ನಾನೇ ಆಫ್ ಮಾಡ್ದೆ" ಎಂದಳು ಹೆಂಡತಿ ಅಡುಗೆಮನೆಯಿಂದ. "ಎಷ್ಟು ಹೊತ್ತಿಂದ ತುಂಬಿ ಸುರೀತಾ ಇತ್ತು. ಒಬ್ಬರಾದ್ರೂ ನೋಡ್ಬಾರ್ದಾ?"

ಅದು ಸುರಿಯಲೇಬೇಕು, ಸುರಿಯುವುದೇ ಅದರ ಕೆಲಸ, ಇದು ಟೆರೇಸಿನ ಟ್ಯಾಂಕಲ್ಲ ಎಂದು ವಿವರಿಸಿದೆ. ಅವಳು ಬುದ್ಧಿವಂತೆ, ಒಂದೇ ಸಲಕ್ಕೆ ಅರ್ಥಮಾಡಿಕೊಂಡಳು. ಆಮೇಲೆ ಮಧ್ಯಾಹ್ನ ಮತ್ತೆ ಆಫ್ ಮಾಡಿದಳು.

"ಗೊತ್ತು ಕಣ್ರೀ. ತಲೆಗೆ ಗೊತ್ತು. ಆ ಸದ್ದು ಕೇಳಿದ ತಕ್ಷಣ ಕೈ ಹೋಗಿಬಿಡುತ್ತೆ."

ಅವಳನ್ನು ಬಯ್ಯುವ ಹಾಗಿರಲಿಲ್ಲ. ಸಂಪು ಟ್ಯಾಂಕುಗಳ ನಡುವೆ ಬೆಳೆದ ಯಾವ ಮನುಷ್ಯನಾದರೂ ನೀರು ತುಂಬಿ ಕೆಳಗೆ ಬೀಳುವ ಆ ಗಳಗಳ ಕೇಳಿ ಸುಮ್ಮನೆ ಕೂರಲಾರ. ಅಪ್ಪ ಕೂಗುತ್ತಾನೆ, ಅಮ್ಮ ಓಡುತ್ತಾಳೆ, ಎದುರುಮನೆಯವರು ಬೀದಿಯಿಂದಲೇ ಎಚ್ಚರಿಸುತ್ತಾರೆ. ಇದು ನಮ್ಮಲ್ಲಿ ಉಳಿದಿರುವ ಕೊನೆಯ ಸಾರ್ವಜನಿಕ ಕರ್ತವ್ಯ. ಪಕ್ಕದ ಮನೆಯವರಂತೂ ದಿನಾ ಕಾಂಪೌಂಡಿನಿಂದ ಕೂಗುತ್ತಿದ್ದರು: "ಟ್ಯಾಂಕ್ ತುಂಬಿ ಹೋಗ್ತಾ ಇದೆ ಕಣ್ರೀ, ಮೋಟಾರ್ ಆಫ್ ಮಾಡ್ರೀ!" ಇದು ಮೀನಿನದು ಎಂದರೆ "ಓ ಹೌದಲ್ಲ" ಎನ್ನುವರು, ಮರುದಿನ ಮತ್ತೆ ಕೂಗುವರು. ಸ್ವಿಚ್ಚಿನ ಮೇಲೆ 'ಆಫ್ ಮಾಡಬೇಡಿ' ಎಂದು ಚೀಟಿ ಅಂಟಿಸಿದೆ. ಕೈಗೆ ಓದು ಬರುವುದಿಲ್ಲ ಎಂದು ತಿಳಿದದ್ದು ಆಗ. ಯಾಕೆಂದರೆ ಚೀಟಿ ಅಂಟಿಸಿದ ಮೇಲೆ ಆಫ್ ಮಾಡಿದವನು ನಾನೇ. ಪೇಪರು ಓದುತ್ತ ಕೂತಿದ್ದವನು ಎದ್ದುಹೋಗಿ ಆಫ್ ಮಾಡಿ, ಒಂದು ಒಳ್ಳೆಯ ಕೆಲಸ ಮಾಡಿದ ಸಮಾಧಾನದಲ್ಲಿ ಮತ್ತೆ ಬಂದು ಪೇಪರು ಹಿಡಿದಿದ್ದೆ.

ಒಂದು ದಿನ ಬೆಳಿಗ್ಗೆ ಹೆಂಡತಿ ಮಾರ್ಕೆಟ್ಟಿಗೆ ಹೊರಡುವ ಅವಸರದಲ್ಲಿ ಆಫ್ ಮಾಡಿ ಹೋದಳು. ನಾನು ಕಚೇರಿಯಲ್ಲಿದ್ದೆ. ಮಾವ ಹಿತ್ತಲಲ್ಲಿ ಬಿಸಿಲಿಗೆ ಮೈ ಕಾಯಿಸಿಕೊಳ್ಳುತ್ತಿದ್ದರು. ಅವರು ಮಧ್ಯಾಹ್ನ ಒಳಗೆ ಬರುವ ಹೊತ್ತಿಗೆ ಮೀನು ನೀರಿನ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿತ್ತಂತೆ. ಮಾವ ಸ್ವಿಚ್ ಹಾಕಿದರು, ಮೀನು ಚೇತರಿಸಿಕೊಂಡಿತು. ಸಂಜೆ ಕಾಫಿ ಕುಡಿಯುತ್ತ, "ನೋಡೋಣ, ಇನ್ನು ಸ್ವಲ್ಪ ದಿನ" ಎಂದರು. ಹೆಂಡತಿ ನನ್ನ ಮುಖ ನೋಡಿದಳು. ಆಫ್ ಮಾಡಿದ್ದು ತಾನು ಎಂಬುದು ಆ ನೋಟದಲ್ಲಿ ಎಲ್ಲೂ ಇರಲಿಲ್ಲ.

ನಾನು ಅಂತರ್ಜಾಲದಲ್ಲಿ ಮುಳುಗಿದೆ. ಜಗತ್ತಿನಲ್ಲಿ ರಿಟರ್ನ್ ಪಂಪುಗಳ ಸದ್ದನ್ನು ಅಳೆಯುವುದಕ್ಕೆಂದೇ ಹುಟ್ಟಿದ ಜನ ಇದ್ದಾರೆ. ಬಾಗಿಲು ಮುಚ್ಚಿಕೊಂಡು, ಉಸಿರು ಬಿಗಿ ಹಿಡಿದು, ಪಂಪಿನ ಮುಂದೆ ಯಂತ್ರ ಹಿಡಿದು ಕೂರುತ್ತಾರೆ. ನಮ್ಮ ಬೀದಿಯಲ್ಲಿ ಗಣಪತಿ ಕೂರಿಸಿದಾಗ ಅವರನ್ನು ಕರೆಸಬೇಕು ಅನ್ನಿಸಿತು. ಆದರೂ ಅವರಿಂದ ಒಂದು ದಾರಿ ಸಿಕ್ಕಿತು. ನೀರು ಬೀಳುವ ಸದ್ದೇ ಇಲ್ಲದಿದ್ದರೆ ಯಾರ ಕೈಯೂ ಸ್ವಿಚ್ಚಿಗೆ ಹೋಗುವುದಿಲ್ಲ. ಇಳಿಯುವ ಪೈಪಿಗೆ ಒಂದು ವಾಲ್ವ್ ಹಾಕಿ, ಗಾಳಿ ಸೇರದಂತೆ ಹದಕ್ಕೆ ತಿರುಗಿಸಿದರೆ ನೀರು ಮೆಲ್ಲನೆ ಜಾರುತ್ತದೆ. ಜೊತೆಗೆ ವೇಗವನ್ನು ಹೆಚ್ಚು ಕಡಿಮೆ ಮಾಡಬಹುದಾದ, ಸದ್ದೇ ಇಲ್ಲದ ಹೊಸ ನಮೂನೆಯ ಪಂಪು. ಅದರ ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಇದನ್ನು ಓದುತ್ತಾಳೆ.

ಹಾಕಿದ ದಿನ ನಾನು ಜೀವನದಲ್ಲಿ ಮೊದಲ ಬಾರಿ ಗೆದ್ದವನಂತೆ ಹಾಲಿನ ನಡುವೆ ನಿಂತೆ. ನೀರು ಸುತ್ತುತ್ತಿದೆ, ಸದ್ದಿಲ್ಲ. ಹೆಂಡತಿ ಬಂದಳು, ಹೋದಳು, ಕೈ ಎಲ್ಲಿಗೂ ಹೋಗಲಿಲ್ಲ. ಪಕ್ಕದ ಮನೆಯವರು ಕೂಗಲಿಲ್ಲ. ಮೀನು ಗಬಗಬ ತಿಂದು, ನನ್ನನ್ನು ನೋಡಿ, ಪೂರ್ತಿ ಬೆನ್ನು ತಿರುಗಿಸದೆ ಅರ್ಧಕ್ಕೇ ನಿಲ್ಲಿಸಿತು.

ಸೊರಗುತ್ತ ಹೋದವರು ಮಾವ. ಊಟವಾದ ಮೇಲೆ ಹಾಲಿನ ಈಸಿಚೇರಿನಲ್ಲಿ ಕಾಲು ಚಾಚಿ ಮಲಗುವವರು, ಈಗ ಕಣ್ಣು ಮುಚ್ಚಿದ್ದೇ ಎದ್ದು ತೊಟ್ಟಿಯ ಹತ್ತಿರ ಹೋಗುತ್ತಿದ್ದರು. ಕಪಾಟು ತೆಗೆದು ಬಗ್ಗಿ ನೋಡುವುದು, ಮೇಲೆ ಪೈಪಿನ ಬಾಯಿಗೆ ಬೆರಳಿಡುವುದು, ಬಂದು ಕೂರುವುದು, ಮತ್ತೆ ಏಳುವುದು. ಕಣ್ಣು ಕೆಂಪಾಗಿತ್ತು. ನಾನು ಎಂದಿನಂತೆ ಬೇರೆ ಎಲ್ಲ ಕಾರಣಗಳನ್ನೂ ಯೋಚಿಸಿದೆ. ಸೊಂಟ ನೋಯುತ್ತಿರಬೇಕು. ತುಂಗಾ ನೀರು ಒಗ್ಗಿಲ್ಲ. ನನ್ನ ಮುಖ ಒಗ್ಗಿಲ್ಲ. ಶುಕ್ರವಾರ ಅವರೇ ಹೇಳಿದರು.

"ಭಾನುವಾರ ನಾನು ಹೊರಡ್ತೀನಮ್ಮ. ಮೀನನ್ನೂ ಕರ್ಕೊಂಡು ಹೋಗ್ತೀನಿ."

ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ಯಾಕಪ್ಪಾ? ಮೀನು ಚೆನ್ನಾಗೇ ಇದೆಯಲ್ಲ! ಏನು ಕಡಿಮೆ ಮಾಡಿದೀವಿ ಅದಕ್ಕೆ?"

"ಚೆನ್ನಾಗಿದೆ ಅಂತ ನಂಗೆ ಹ್ಯಾಗೆ ಗೊತ್ತಾಗ್ಬೇಕು? ಸದ್ದೇ ಇಲ್ಲ. ಕಣ್ಣು ಮುಚ್ಚಿದ್ರೆ ನಿಂತುಹೋಯ್ತೇನೋ ಅನ್ಸುತ್ತೆ. ಎದ್ದು ನೋಡಿದ್ರೆ ಓಡ್ತಿರುತ್ತೆ. ಮತ್ತೆ ಕಣ್ಣು ಮುಚ್ಚಿದ್ರೆ ಮತ್ತೆ ಅದೇ."

"ಸದ್ದು ಇಲ್ಲದಿರೋದೇ ಒಳ್ಳೇದಲ್ವಾ ಮಾವ?" ಎಂದೆ.

"ನಿಮಗೆ ಒಳ್ಳೇದು. ಕ್ಯಾಂಟೀನಲ್ಲಿ ಬಾಯ್ಲರ್ ಪಕ್ಕದಲ್ಲೇ ಅಕ್ಕಿ ಮೂಟೆ ಮೇಲೆ ಮಲಗ್ತಿದ್ದೋರು ನಾವು. ಗಡಗಡ ಅಂತ ಓಡ್ತಿದ್ರೆ ಜೋಂಪು ಹತ್ತೋದು. ಸದ್ದು ನಿಂತ್ರೆ ಅಷ್ಟೂ ಜನ ಒಟ್ಟಿಗೆ ಎದ್ದು ಕೂರೋರು. ಮನೆಗಳಲ್ಲೂ ಅಷ್ಟೇ. ಕಾರ್ಖಾನೆ ಸದ್ದು ನಿಂತ್ರೆ ಹೆಂಗಸರು ಬಾಗಿಲಿಗೆ ಬಂದು ನಿಂತ್ಕೊಳ್ಳೋರು. ಸದ್ದಿಲ್ಲ ಅಂದ್ರೆ ಏನೋ ಕೆಟ್ಟಿದೆ ಅಂತ."

ಹೆಂಡತಿ ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಸ್ವಲ್ಪ ಜೋರಾಗಿಯೇ ಬಂತು. ನನಗೆ ಆಗ ಕಂಡದ್ದು ಇಷ್ಟು: ಅಪ್ಪನಿಗೆ ಸದ್ದಿಲ್ಲದೆ ನಿದ್ದೆಯಿಲ್ಲ. ಮಗಳಿಗೆ ಸದ್ದು ಕೇಳಿದರೆ ಕೈ ನಿಲ್ಲುವುದಿಲ್ಲ. ಭಾನುವಾರಕ್ಕೆ ಒಂದೇ ದಿನ ಉಳಿದಿದೆ. ಇಂಥ ಗಳಿಗೆಗಳಿಗಾಗಿಯೇ ಜನ ದೇವರಿಗೆ ಹರಕೆ ಹೊರುತ್ತಾರೆ. ನಾನು ಅಕ್ವೇರಿಯಂ ಅಂಗಡಿಗೆ ಹೋದೆ.

ದಾರಿಯಲ್ಲಿ ನಡೆಯುತ್ತಿರುವಾಗ ಯಾರದೋ ಮನೆಯ ಕಾಂಪೌಂಡಿನೊಳಗೆ ಮೋಟಾರು ಗುಂಯ್ ಎನ್ನುತ್ತಿತ್ತು. ಜಗುಲಿಯಲ್ಲಿ ಅಜ್ಜಿಯೊಬ್ಬರು ಹೂ ಕಟ್ಟುತ್ತ ನಿಶ್ಚಿಂತೆಯಿಂದ ಕೂತಿದ್ದರು. ನಾನು ನಿಂತೆ. ಮೋಟಾರಿನ ಸದ್ದು ಕೇಳಿದರೆ ಯಾರೂ ಓಡುವುದಿಲ್ಲ. ಇನ್ನೂ ತುಂಬುತ್ತಿದೆ ಎಂದು ಆರಾಮಾಗಿರುತ್ತಾರೆ. ಓಡುವುದು ನೀರು ಬೀಳುವ ಸದ್ದಿಗೆ. ಇವು ಎರಡು ಬೇರೆ ಬೇರೆ ಸದ್ದುಗಳು. ನಾನು ಇಷ್ಟು ದಿನ ಎರಡನ್ನೂ ಒಟ್ಟಿಗೆ ಕೊಲ್ಲಲು ಹೊರಟಿದ್ದೆ. ಅಜ್ಜಿ, "ಯಾರು ಬೇಕಿತ್ತಪ್ಪ?" ಎಂದಾಗ ಯಾರೂ ಇಲ್ಲ ಎಂದು ಹೇಳಿ ಸರಸರ ನಡೆದೆ.

"ಸದ್ದು ಮಾಡೋ ಪಂಪ್ ಕೊಡಿ" ಎಂದೆ ಅಂಗಡಿಯಲ್ಲಿ.

ಸಾಹೇಬರು ಕೈಯಲ್ಲಿದ್ದ ಜಾಲರಿಯನ್ನು ಕೆಳಗಿಟ್ಟರು. "ಸಾರ್, ಸದ್ದು ಇಲ್ಲದ್ದೇ ಬೇಕು ಅಂತ ನನ್ನ ತಲೆ ತಿಂದಿದ್ದು ನೀವೇ ತಾನೇ?"

"ಹೌದು. ಈಗ ಸದ್ದು ಬೇಕು. ನೀರಿನ ಸದ್ದು ಬೇಡ. ಮೋಟಾರಿನ ಸದ್ದು ಬೇಕು. ಜೋರಾಗಿ ಬೇಡ, ಹಾಲಿನಲ್ಲಿ ಕೂತವರಿಗೆ ಕೇಳಿಸ್ಬೇಕು, ಅಷ್ಟೆ."

"ಯಾ ಅಲ್ಲಾ" ಎಂದು ಅವರು ಒಳಗೆ ಹೋಗಿ ಧೂಳು ಕೂತ ಪೆಟ್ಟಿಗೆಯೊಂದನ್ನು ತಂದರು. "ಇದನ್ನ ತಗೊಂಡೋರೆಲ್ಲ ವಾಪಸ್ ತಂದಿದಾರೆ ಸಾರ್. ನೀರು ಸರಿಯಾಗಿ ಎತ್ತುತ್ತೆ, ಗುಂಯ್ ಅನ್ನುತ್ತೆ ಅಂತ ಕಂಪ್ಲೇಂಟು."

"ಅದನ್ನೇ ಕೊಡಿ."

"ನೀವೂ ವಾಪಸ್ ತಂದ್ರೆ ನಾನು ತಗೊಳ್ಳಲ್ಲ."

"ಸದ್ದು ನಿಂತ್ರೆ ಮಾತ್ರ ತರ್ತೀನಿ."

ಅವರು ನನ್ನನ್ನು ಒಂದು ರೀತಿ ನೋಡಿದರು. ಕೆಲವು ರೋಗಿಗಳನ್ನು ಡಾಕ್ಟರು ಹಾಗೆ ನೋಡುತ್ತಾರೆ. ಆದರೆ ಈ ಸಲ ನಾನು ಹೊಲಿಗೆ ಟೇಪು, ಗೆರೆಚಿತ್ರ, ಪೈಪಿನ ತಾಕತ್ತು ಎಲ್ಲ ನೋಡಿಯೇ ತೆಗೆದುಕೊಂಡೆ. ನೀರಿನ ವಿಷಯದಲ್ಲಿ ಅದು ನಮ್ಮ ತೊಟ್ಟಿಗೆ ಹೇಳಿ ಮಾಡಿಸಿದ ಹಾಗಿತ್ತು. ಜಗತ್ತೆಲ್ಲ ಬೇ‌ಡವೆಂದ ಗುಣವೊಂದು ಜಾಸ್ತಿ ಇತ್ತು, ಅಷ್ಟೆ.

ಶನಿವಾರ ಸಂಜೆ ಹೊಸ ಪಂಪು ಕೂರಿಸಿದೆ. ಇಳಿಯುವ ಪೈಪಿನ ವಾಲ್ವನ್ನು ಹಾಗೆಯೇ ಬಿಟ್ಟೆ. ಗುಂಯ್ ಎಂಬ ಸದ್ದು ಹಾಲಿನ ತುಂಬ ಹರಡಿತು. ಆದರೂ ಭಾನುವಾರ ಬೆಳಿಗ್ಗೆ ಮಾವ ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದರು. ಸಂಜೆಗೆ ಬಾಡಿಗೆ ಕಾರಿಗೆ ಹೇಳಿಯಾಗಿತ್ತು. ಹೆಂಡತಿ ಅವರಿಗೆ ಇಷ್ಟವಾದ ಅಕ್ಕಿರೊಟ್ಟಿ, ಹೀರೇಕಾಯಿ ಚಟ್ನಿ ಮಾಡಿ ಬಡಿಸಿದಳು. ಊಟವಾದ ಮೇಲೆ ಮಾವ ಈಸಿಚೇರಿನಲ್ಲಿ ಹಿಂದಕ್ಕೆ ಒರಗಿ, ಎದುರಿನ ತೊಟ್ಟಿಯನ್ನು ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ತಲೆ ವಾಲಿತು. ಆಮೇಲೆ ಬಾಯಿ ತೆರೆಯಿತು. ಆಮೇಲೆ ಪಂಪಿನ ಗುಂಯ್ ಯಾವುದು, ಮಾವನ ಗೊರಕೆ ಯಾವುದು ಎಂದು ಬೇರೆ ಮಾಡಲಾಗದಂತಾಯಿತು. ಹೆಂಡತಿ ಬಾಗಿಲಲ್ಲಿ ನಿಂತು ನನಗೆ ಸನ್ನೆ ಮಾಡಿದಳು, ಉಸಿರಾಡಬೇಡಿ ಎಂದು.

ಆಗಲೇ ಕರೆಂಟು ಹೋದದ್ದು.

ಗುಂಯ್ ನಿಂತಿತು. ಗೊರಕೆ ಅದರ ಬೆನ್ನಿಗೇ ನಿಂತಿತು. ಮಾವ ಕಣ್ಣು ಬಿಡುವುದಕ್ಕೆ ಮುಂಚೆಯೇ ಎದ್ದು ನಿಂತಿದ್ದರು. "ನಿಂತ್ಹೋಯ್ತು!"

"ಕರೆಂಟು ಮಾವ. ಒಂದೆರಡು ಗಂಟೆ ಮೀನಿಗೆ ಏನೂ ಆಗಲ್ಲ" ಎಂದೆ, ಓದಿದ್ದು ನೆನಪು ಮಾಡಿಕೊಂಡು. ಇನ್ವರ್ಟರ್ ಇದೆ ಎಂದು ಧೈರ್ಯವಾಗಿ ಹೋಗಿ ನೋಡಿದರೆ ಅದು ಕೆಂಪು ದೀಪ ತೋರಿಸಿ ಸುಮ್ಮನಾಯಿತು. ಬ್ಯಾಟರಿಗೆ ನೀರು ಹಾಕಿ ಎಷ್ಟು ಕಾಲವಾಗಿತ್ತೋ. ನೀರಿನ ವಿಷಯ ಹಗಲಿಡೀ ಓದುತ್ತಿದ್ದವನಿಗೆ ಆ ಒಂದು ನೀರು ನೆನಪಾಗಿರಲಿಲ್ಲ.

ನಾನು ಹಾಲಿಗೆ ವಾಪಸು ಬರುವಷ್ಟರಲ್ಲಿ ಮಾವ ಪಂಚೆ ಎತ್ತಿ ಕಟ್ಟಿ, ಕಪಾಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಂಪಿನಿಂದ ಚೊಂಬಿನಲ್ಲಿ ನೀರು ಮೊಗೆಯುತ್ತಿದ್ದರು. ಸೊಂಟದ ಪೆಟ್ಟಿನವರು ಏಳಲಾರದೆ ಚೊಂಬನ್ನು ನನ್ನ ಕಡೆ ಚಾಚಿದರು. "ಹಿಡೀರಿ. ಮೇಲಿಂದ ಸುರೀರಿ. ಎತ್ತರದಿಂದ ಸುರೀಬೇಕು, ಕಾಫಿ ಆರಿಸೋ ಹಾಗೆ." ನಾನು ಸುರಿದೆ. ಅವರು ಇನ್ನೊಂದು ಚೊಂಬು ತುಂಬಿಸಿಕೊಟ್ಟರು. ನಾವು ಮೇಲೆ ಹಾಕಿದಷ್ಟೂ ಅಂಚಿನ ಪೈಪಿನಲ್ಲಿ ಕೆಳಗಿಳಿಯುತ್ತಿತ್ತು. ಚೊಂಬಿನ ನೀರು ಒಮ್ಮೆಗೇ ಬೀಳುವುದರಿಂದ ಪೈಪಿಗೆ ಗಾಳಿ ಸೇರಿ, ಹದವಾಗಿ ತಿರುಗಿಸಿದ್ದ ವಾಲ್ವ್ ಹದ ತಪ್ಪಿ, ಗಳಗಳ ಶುರುವಾಯಿತು.

"ರೀ, ತುಂಬ್ತು! ಮೋಟಾರ್ ಆಫ್ ಮಾಡ್ರೀ!" ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಕರೆಂಟಿಲ್ಲ ಕಣೇ! ಮೋಟಾರು ನಾವೇ!" ಎಂದು ಮಾವ ಕೂಗಿದರು. ನನಗೆ ನಗು ತಡೆಯಲಾಗದೆ ಒಂದು ಚೊಂಬು ನೀರು ಪೂರ್ತಿ ನೆಲದ ಮೇಲೆ ಹೋಯಿತು. "ಅಳಿಯಂದ್ರೇ, ನಿಮ್ಮ ಕೆಪಾಸಿಟಿ ಸಾಲದು" ಎಂದರು ಮಾವ, ಅವರೂ ನಗುತ್ತ. ಹೆಂಡತಿ ಬಂದು ನೋಡಿ, ಮೂರನೆಯ ಚೊಂಬು ತಂದಳು.

ಕಾರಿನವನು ಬಂದು ಹಾರನ್ ಹೊಡೆದ. ನಾನು ಎರಡು ಕೈಯಲ್ಲೂ ಚೊಂಬು ಹಿಡಿದು ನಿಂತಿದ್ದೆ. ಮಾವ ಎದ್ದು ಬಾಗಿಲಿಗೂ ಹೋಗಲಿಲ್ಲ. "ಇವತ್ತು ಆಗಲ್ಲಪ್ಪಾ, ಇಲ್ಲಿ ಕೆಲಸ ನಡೀತಾ ಇದೆ" ಎಂದು ಕೂತಲ್ಲಿಂದಲೇ ಹೇಳಿಬಿಟ್ಟರು.

ಕರೆಂಟು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಗುಂಯ್ ಮತ್ತೆ ಶುರುವಾದಾಗ ಮೂವರೂ ಒದ್ದೆಯಾಗಿ, ಸೋತು, ನೆಲದ ಮೇಲೆ ಕೂತಿದ್ದೆವು. ಮೀನಿಗೆ ಮಾತ್ರ ಏನೂ ಆಗಿರಲಿಲ್ಲ. ಏನೂ ಆಗುತ್ತಿರಲೂ ಇಲ್ಲವೇನೋ.

ಮುಂದಿನ ಭಾನುವಾರ ಮಾವ ಹೋಗಲಿಲ್ಲ. ಅದರ ಮಾತನ್ನು ನಾವೂ ಎತ್ತಲಿಲ್ಲ. ಅವರು ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಹೆಂಡತಿಯ ಕೈ ಸ್ವಿಚ್ಚಿಗೆ ಹೋಗಿಲ್ಲ. ಗುಂಯ್ ಸದ್ದಿಗೆ ನಿದ್ದೆ ಬಾರದವನು ಮನೆಯಲ್ಲಿ ನಾನೊಬ್ಬನೇ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ. ಮೊನ್ನೆ ಭದ್ರಾವತಿಯ ಗೆಳೆಯರು ಫೋನ್ ಮಾಡಿ, ಯಾವಾಗ ವಾಪಸು ಬರುತ್ತೀಯ ಎಂದು ಕೇಳಿದರೆಂದು ಕಾಣುತ್ತದೆ. ಮಾವ ನಾನು ಪಕ್ಕದಲ್ಲಿರುವುದನ್ನು ಗಮನಿಸದೆ, ಅಥವಾ ಗಮನಿಸಿಯೇ, ಗಟ್ಟಿಯಾಗಿ ಹೇಳಿದರು:

"ಇಲ್ಲಪ್ಪಾ, ಇನ್ನು ಅಲ್ಲಿಗೆ ಬರೋದೆಲ್ಲ ಆಗಲ್ಲ. ಮೀನು ಆರಾಮಾಗಿದೆ, ಅದರ ಚಿಂತೆ ಇಲ್ಲ. ಅಳಿಯಂದ್ರನ್ನ ಒಬ್ಬರನ್ನೇ ಬಿಟ್ಟು ಬರೋ ಹಾಗಿಲ್ಲ ನೋಡು."